ಸಂಸೆ ಹತ್ತಿರದ ನಾಲ್ಕು ಕೋಣೆಯ ಹೋಂಸ್ಟೇ: ಎರಡು ರಾತ್ರಿಯ ಅನುಭವ

ಅಕ್ಟೋಬರ್ ಕೊನೆಯ ವಾರದಲ್ಲಿ ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ತಮ್ಮ ಮತ್ತು ಅವನ ಹೆಂಡತಿ ಸೇರಿ ಆರು ಜನ ಕಳಸ ತಾಲ್ಲೂಕಿನ ಸಂಸೆಯ ಹತ್ತಿರ, ಅಡಿಕೆ ತೋಟದ ಅಂಚಿನಲ್ಲಿರುವ ಒಂದು ಹೋಂಸ್ಟೇಯಲ್ಲಿ ಎರಡು ರಾತ್ರಿ ಉಳಿದು ಬಂದೆವು. ಮನೆಯ ಹೆಸರನ್ನು ಬರೆಯಬೇಡಿ ಎಂದು ಮನೆಯವರೇ ಕೇಳಿಕೊಂಡಿದ್ದಾರೆ. ಇರುವುದು ನಾಲ್ಕೇ ಕೋಣೆ, ಶನಿವಾರ ಭಾನುವಾರಗಳಲ್ಲಿ ಬರುವ ಫೋನುಗಳಿಗೇ ಉತ್ತರ ಕೊಟ್ಟು ಮುಗಿಯುವುದಿಲ್ಲ, ತೋಟದ ಕೆಲಸ ಹಿಂದೆ ಬೀಳುತ್ತದೆ ಎಂಬುದು ಅವರ ಕಾರಣ. ಆದರೂ ಆ ಮನೆಯ ನಡವಳಿಕೆಯನ್ನು ವಿವರವಾಗಿ ಬರೆದರೆ, ಆ ಭಾಗಕ್ಕೆ ಹೊರಟವರು ಬೇರೆ ಮನೆಯನ್ನು ಆರಿಸಿಕೊಳ್ಳುವಾಗಲೂ ಏನನ್ನು ನೋಡಬೇಕು ಎಂಬುದು ತಿಳಿಯುತ್ತದೆ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಕೋಣೆ ಕಾಯ್ದಿರಿಸಲು ಫೋನ್ ಮಾಡಿದಾಗ ಯಜಮಾನರು ಹಣದ ಮಾತನ್ನು ಮೊದಲು ಎತ್ತಲಿಲ್ಲ. "ಪರ್ಮಿಟ್ ಆಗಿದೆಯಾ ಸಾರ್? ಆಗದಿದ್ರೆ ಗುಡ್ಡಕ್ಕೆ ಅಂತ ಬರ್ಬೇಡಿ, ಸುಮ್ನೆ ಉಳ್ಕೊಳ್ಳೋಕೆ ಅಂತಾದ್ರೆ ಬನ್ನಿ" ಎಂದರು. ಗುಡ್ಡ ಎಂದರೆ ಕುದುರೆಮುಖ ಶಿಖರ, ಪರ್ಮಿಟ್ ಎಂದರೆ ಅದನ್ನು ಹತ್ತಲು ಅರಣ್ಯ ಇಲಾಖೆ ಕೊಡುವ ಅನುಮತಿ ಚೀಟಿ. 2024ರ ಜನವರಿ ಕೊನೆಯಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಬಳಿಯ ಕುಮಾರಪರ್ವತಕ್ಕೆ ಒಮ್ಮೆಗೇ ಸಾವಿರಾರು ಚಾರಣಿಗರು ನುಗ್ಗಿದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿಯನ್ನು ಕಡ್ಡಾಯ ಮಾಡಿ, ಒಂದು ಚಾರಣ ದಾರಿಗೆ ದಿನಕ್ಕೆ 300 ಜನ ಎಂಬ ಮಿತಿಯನ್ನು ಇಟ್ಟಿತು. ಕುದುರೆಮುಖ ಶಿಖರಕ್ಕೂ ಈ ನಿಯಮ ಅನ್ವಯಿಸುತ್ತದೆ. ರಜೆಯ ದಿನಗಳ ಚೀಟಿಗಳು ಬೇಗನೆ ಮುಗಿದುಹೋಗುತ್ತವೆ. ಇದನ್ನು ತಿಳಿಯದೆ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದು, ಬೆಳಗಿನ ಆರು ಗಂಟೆಗೆ ಚೆಕ್‌ಪೋಸ್ಟಿನಲ್ಲಿ ನಿಂತು ಬೇಡಿಕೊಳ್ಳುವ ಎರಡು ಗುಂಪುಗಳನ್ನು ನಾವೇ ಕಣ್ಣಾರೆ ಕಂಡೆವು. ಕೋಣೆ ಖಾಲಿ ಉಳಿದರೂ ಚಿಂತೆಯಿಲ್ಲ, ಬಂದವರು ನಿರಾಶರಾಗಿ ಹಿಂದಿರುಗಬಾರದು ಎಂದು ಮೊದಲೇ ಕೇಳುವ ಮನೆಯವರ ಮೇಲೆ ನನಗೆ ಅಲ್ಲಿಯೇ ವಿಶ್ವಾಸ ಹುಟ್ಟಿತು.

ಅವರು ಹೇಳಿದ ಎರಡನೆಯ ಮಾತು ಇನ್ನೂ ಉಪಯುಕ್ತವಾದದ್ದು. ಮೊಬೈಲ್ ನಕ್ಷೆಯಲ್ಲಿ ಬರಿಯ "ಕುದುರೆಮುಖ" ಎಂದು ಹಾಕಬೇಡಿ, ಸಂಸೆ ಎಂದು ಹಾಕಿ ಎಂದರು. ಕುದುರೆಮುಖ ಎಂಬ ಹೆಸರಿನಲ್ಲಿ ಒಂದು ಊರಿದೆ, ಒಂದು ಶಿಖರವಿದೆ, ಒಂದು ರಾಷ್ಟ್ರೀಯ ಉದ್ಯಾನವೂ ಇದೆ. ಊರು ಕಬ್ಬಿಣದ ಅದಿರಿನ ಗಣಿಗಾಗಿ ಕಟ್ಟಿದ ಕಾಲೊನಿ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತ ಮೇಲೆ ಅಲ್ಲಿ ಜನವಸತಿ ತೀರ ಕಡಿಮೆಯಾಗಿದೆ. ಶಿಖರಕ್ಕೆ ಹತ್ತುವ ದಾರಿ ಆರಂಭವಾಗುವುದು ಆ ಊರಿನಿಂದಲ್ಲ, ಸಂಸೆಯ ಕಡೆಯಿಂದ ಒಳಗೆ ಹೋದರೆ ಸಿಗುವ ಮುಳ್ಳೋಡಿ ಎಂಬ ಹಳ್ಳಿಯಿಂದ. ನಕ್ಷೆಯನ್ನು ನಂಬಿ ನೇರವಾಗಿ ಕಾಲೊನಿಗೆ ಹೋಗಿ, ಬೀಗ ಹಾಕಿದ ಕ್ವಾರ್ಟರ್ಸ್‌ಗಳ ಮುಂದೆ ನಿಂತು ಗುಡ್ಡ ಎಲ್ಲಿ ಎಂದು ಕೇಳುವವರು ವರ್ಷವರ್ಷವೂ ಇರುತ್ತಾರಂತೆ. ಯಜಮಾನರು ಕಳಸದಿಂದ ತಮ್ಮ ಅಂಗಳದವರೆಗಿನ ದಾರಿಯನ್ನು ವಾಟ್ಸ್ಯಾಪ್‌ನಲ್ಲಿ ಮಾತಾಡಿ ಕಳುಹಿಸಿದ್ದರು. ಯಾವ ಅಂಗಡಿ ಎಡಕ್ಕೆ ಬರುತ್ತದೆ, ಯಾವ ತಿರುವಿನಲ್ಲಿ ಸಿಗ್ನಲ್ ಹೋಗುತ್ತದೆ, ಹೋದ ಮೇಲೆ ಎಷ್ಟು ಹೊತ್ತು ಗಾಬರಿಯಾಗದೆ ಬರಬೇಕು ಎಂಬುದೆಲ್ಲ ಅದರಲ್ಲಿತ್ತು.

ಮೊದಲ ದಿನ ಸಂಜೆ ನಾವು ಜಗಲಿಯಲ್ಲಿ ಕುಳಿತಿದ್ದಾಗ ಒಂದು ಕಾರು ಕೆಳಗಿನ ಗದ್ದೆಯ ಬದಿಯ ಮಣ್ಣುದಾರಿಯಲ್ಲಿ ಬಂದು ನಿಂತಿತು. ಅದರ ಮುಂದೆ ದಾರಿಯಿಲ್ಲ, ಹಳ್ಳಕ್ಕೆ ಹಾಕಿದ ಎರಡು ಅಡಿಕೆ ಮರದ ಕಾಲುಸಂಕ ಮಾತ್ರ ಇದೆ. ನಕ್ಷೆ ಆ ಸಂಕವನ್ನು ರಸ್ತೆಯೆಂದು ತೋರಿಸಿತ್ತು. ಕಾರಿನಲ್ಲಿದ್ದ ನಾಲ್ವರಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಅವರಿಗೆ ಬಹಳ ಪ್ರೀತಿಯಿಂದಲೇ, ಇಲ್ಲಿಂದ ಮೇಲೆ ಹೋದರೆ ಒಂದು ಕೂಗಳತೆಯಲ್ಲಿ ದೊಡ್ಡ ರಸ್ತೆ ಸಿಗುತ್ತದೆ ಎಂದು ಕೈ ಮಾಡಿ ತೋರಿಸುತ್ತಿದ್ದರು. ಅಜ್ಜಿ ಹೇಳಿದ್ದು ನಡೆದು ಹೋಗುವವರ ದಾರಿ, ಅವರು ಹುಡುಕುತ್ತಿದ್ದದ್ದು ಕಾರಿನ ದಾರಿ. ಆ ಊರಿನಲ್ಲಿ "ಇಲ್ಲೇ ಹತ್ತಿರ" ಎಂದರೆ ಗುಡ್ಡದ ಏರಿನಲ್ಲಿ ಅರ್ಧ ಗಂಟೆಯ ನಡಿಗೆ ಎಂಬುದು ನಮಗೂ ಮರುದಿನ ಗೊತ್ತಾಯಿತು. ನಮ್ಮ ಹೋಂಸ್ಟೇಯ ಸೊಸೆ ಇಳಿದುಹೋಗಿ, ತಮಗೆ ಬರುವಷ್ಟು ಹಿಂದಿಯಲ್ಲಿ ವಿಷಯ ವಿಚಾರಿಸಿ, ಕಾರನ್ನು ಹಿಂದಕ್ಕೆ ತೆಗೆಸಿ, ಮುಖ್ಯರಸ್ತೆ ಸೇರುವವರೆಗೆ ಸ್ಕೂಟರಿನಲ್ಲಿ ಮುಂದೆ ಹೋಗಿ ಬಿಟ್ಟು ಬಂದರು. ಅವರು ಈ ಮನೆಯಲ್ಲಿ ಉಳಿಯುವವರಲ್ಲ, ಬೇರೆಲ್ಲೋ ಬುಕ್ ಮಾಡಿಕೊಂಡವರು. ಹಣವಿಲ್ಲದ ಈ ಕೆಲಸಕ್ಕೆ ಆ ಮನೆಯವರು ವಾರಕ್ಕೆ ಎಷ್ಟು ಸಲ ಎದ್ದು ಹೋಗಬೇಕಾಗುತ್ತದೋ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು.

ಊಟದ ವಿಷಯದಲ್ಲಿ ನನಗೆ ಒಂದು ಕೊರತೆಯೂ ಕಾಣಲಿಲ್ಲ. ಹೋದ ಕೂಡಲೇ "ಆಸ್ರಿಗೆ ಏನು ಬೇಕು?" ಎಂದು ಕೇಳಿ ಪುನರ್ಪುಳಿ ಪಾನಕ ಕೊಟ್ಟರು. ರಾತ್ರಿ ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಸೌತೆಕಾಯಿ ಹುಳಿ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ ಇದ್ದವು. ಬೆಳಿಗ್ಗೆ ಬಿಸಿ ಕಡುಬಿಗೆ ಕಾಯಿಚಟ್ನಿ ಮತ್ತು ಮನೆಯ ತುಪ್ಪ ಬಡಿಸಿದರು. ಮಕ್ಕಳಿಗೆ ನೂಡಲ್ಸ್ ಬೇಕೇ ಎಂದು ಕೇಳದೆ ಕಡುಬಿಗೆ ಬೆಲ್ಲ ಹಾಕಿ ಕೊಟ್ಟರು, ಮಕ್ಕಳು ಮತ್ತೆ ಕೇಳಿ ತಿಂದರು. ಸ್ನಾನಕ್ಕೆ ಬಚ್ಚಲ ಹಂಡೆಯ ನೀರು ಹೊಗೆಯ ವಾಸನೆಯೊಡನೆ ಯಾವ ಹೊತ್ತಿಗೂ ಬಿಸಿಯಾಗಿ ಸಿಗುತ್ತಿತ್ತು.

ಎರಡನೆಯ ದಿನ ಮುಳ್ಳೋಡಿಯವರೆಗೆ ಜೀಪಿನಲ್ಲಿ ಹೋದೆವು. ದಾರಿ ಎಷ್ಟು ಕೆಟ್ಟಿದೆಯೆಂದರೆ ಸಣ್ಣ ಕಾರನ್ನು ಒಯ್ಯುವ ಯೋಚನೆಯನ್ನು ಯಾರೂ ಮಾಡಬಾರದು. ಜೀಪಿನ ಬಾಡಿಗೆ ತಲೆಗಿಷ್ಟು ಎಂದಲ್ಲ, ಗಾಡಿಗೆ ಇಷ್ಟು ಎಂದು ಇರುವುದರಿಂದ ಇಬ್ಬರೇ ಹೋಗುವವರಿಗೆ ಅದು ಭಾರವಾಗುತ್ತದೆ. ಇದನ್ನು ಯಜಮಾನರು ಮೊದಲೇ ತಿಳಿಸಿ, ಇನ್ನೊಂದು ಗುಂಪಿನೊಡನೆ ಸೇರಿಸಲೂ ಸಿದ್ಧರಿದ್ದರು. ಇಲ್ಲಿಯ ಶಿಖರದ ಎತ್ತರ ಸುಮಾರು 1,890 ಮೀಟರ್, ಹೋಗಿ ಬರುವುದು ಸುಮಾರು 20 ಕಿಲೋಮೀಟರ್, ಸಂಜೆಯೊಳಗೆ ಇಳಿಯಲೇಬೇಕು. ಮಕ್ಕಳಿದ್ದ ಕಾರಣ ನಾನು ಮತ್ತು ತಮ್ಮ ಮಾತ್ರ ಮಾರ್ಗದರ್ಶಕರೊಡನೆ ಹತ್ತಿದೆವು, ಉಳಿದವರು ಸೋಮಾವತಿ ಜಲಪಾತ ನೋಡಿ ಹಿಂದಿರುಗಿದರು. ಹೊರಡುವ ಮೊದಲು ಯಜಮಾನತಿ ಹೊಗೆಸೊಪ್ಪನ್ನು ಸುಣ್ಣದ ನೀರಿನಲ್ಲಿ ನೆನೆಸಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದರು. ಇಂಬಳ (ಜಿಗಣೆ) ಹತ್ತಿದರೆ ಕಿತ್ತು ಎಳೆಯಬೇಡಿ, ಈ ಗಂಟನ್ನು ಮುಟ್ಟಿಸಿದರೆ ತಾನೇ ಬಿದ್ದುಹೋಗುತ್ತದೆ ಎಂದು ಹೇಳಿದ್ದು ಅಕ್ಷರಶಃ ನಿಜವಾಯಿತು. ನಮ್ಮ ಜತೆ ಹತ್ತುತ್ತಿದ್ದ ನಗರದ ಹುಡುಗಿಯೊಬ್ಬಳು ಕಾಲಿನ ರಕ್ತ ಕಂಡು ಅಳುತ್ತ ಕುಳಿತಾಗ ಅದೇ ಗಂಟು ಅವಳಿಗೂ ಉಪಯೋಗಕ್ಕೆ ಬಂತು.

ಕೊರತೆಗಳನ್ನೂ ಹೇಳಬೇಕು. ನಾಲ್ಕು ಕೋಣೆಗಳಿಗೆ ಇರುವುದು ಎರಡೇ ಶೌಚಾಲಯ, ಅವೂ ಅಂಗಳ ದಾಟಿ ಹೋಗುವಂತಿವೆ. ರಾತ್ರಿ ಮಳೆ ಬಂದಾಗ ವಯಸ್ಸಾದವರಿಗೆ ಅದು ಕಷ್ಟ, ನನ್ನ ತಾಯಿಯನ್ನು ಕರೆದೊಯ್ಯಲು ನಾನು ಹಿಂಜರಿಯುತ್ತೇನೆ. ಕರೆಂಟು ಹೋದರೆ ಮತ್ತೆ ಬರುವ ಹೊತ್ತನ್ನು ಯಾರೂ ಹೇಳಲಾರರು, ಕೋಣೆಗೊಂದು ಚಾರ್ಜಿಂಗ್ ದೀಪವನ್ನಾದರೂ ಇಡಬಹುದಿತ್ತು. ಮಾಂಸಾಹಾರ ಬೇಕಾದವರಿಗೆ ಇಲ್ಲಿ ಸಿಗುವುದಿಲ್ಲ ಎಂಬುದನ್ನು ಅವರು ಫೋನಿನಲ್ಲೇ ಹೇಳುತ್ತಾರೆ, ಆದ್ದರಿಂದ ಅದನ್ನು ಕೊರತೆ ಎನ್ನಲಾರೆ.

ಮನೆಯ ನಿಯಮಗಳು ಮೂರು: ರಾತ್ರಿ ಸ್ಪೀಕರ್ ಹಾಕಬಾರದು, ಅಕ್ಕಪಕ್ಕದವರ ಅಂಗಳದಲ್ಲಿ ಕೇಳದೆ ಫೋಟೋ ತೆಗೆಯಬಾರದು, ಉಣುಗೋಲು ತೆಗೆದವರೇ ಹಾಕಬೇಕು. ಉಣುಗೋಲು ಎಂದರೆ ಬೇಲಿಯ ಎರಡು ಗೂಟಗಳ ತೂತಿಗೆ ಅಡ್ಡಲಾಗಿ ತೂರಿಸುವ ಗಳುಗಳು. ದಾಟುವವರು ಒಂದೊಂದಾಗಿ ಸರಿಸಿ, ಆಚೆ ಹೋಗಿ ಮತ್ತೆ ತೂರಿಸಬೇಕು. ಅದು ಗೇಟು ಎಂಬುದೇ ಹೊಸಬರಿಗೆ ತಿಳಿಯುವುದಿಲ್ಲ, ಗಳುಗಳನ್ನು ನೆಲಕ್ಕೆ ಬೀಳಿಸಿ ಹೋಗಿಬಿಡುತ್ತಾರೆ. ಭತ್ತ ತೆನೆ ತುಂಬಿ ನಿಂತ ಆ ದಿನಗಳಲ್ಲಿ ಒಂದು ದನ ಒಳಗೆ ಹೊಕ್ಕರೆ ಗದ್ದೆಯವರ ನಾಲ್ಕು ತಿಂಗಳ ಶ್ರಮ ಹಾಳು. ಯಜಮಾನರು ಮಕ್ಕಳನ್ನು ಕರೆದೊಯ್ದು ಎರಡು ಸಲ ಹಾಕಿಸಿ ತೆಗೆಸಿ ಕಲಿಸಿದರು. ಪಕ್ಕದ ಮನೆಯ ಅಜ್ಜಿಯ ಹತ್ತಿರ ಮಾತಾಡುವಾಗ ನಾನು ಈ ಹೋಂಸ್ಟೇಯಿಂದ ನಿಮಗೇನಾದರೂ ತೊಂದರೆಯಿದೆಯೇ ಎಂದು ಕೇಳಿದೆ. "ಅವ್ರಲ್ಲಿಗೆ ಬಂದವ್ರು ಉಣುಗೋಲು ಹಾಕಿ ಹೋಗ್ತಾರೆ ಮಾರಾಯ್ರೆ, ಮತ್ತೆಂತ ಬೇಕು" ಎಂದರು. ನಾನು ಕೊಡುವ ಅಂಕಗಳಿಗಿಂತ ಈ ಮಾತನ್ನೇ ಹೆಚ್ಚೆಂದು ತಿಳಿಯುತ್ತೇನೆ.

ಊಟ, ತಿಂಡಿ, ವಸತಿ ಸೇರಿ ದೊಡ್ಡವರಿಗೆ ದಿನಕ್ಕೆ 1,500 ರೂಪಾಯಿ, ಮಕ್ಕಳಿಗೆ ಅರ್ಧ ತೆಗೆದುಕೊಂಡರು. ಜೀಪು ಮತ್ತು ಮಾರ್ಗದರ್ಶಕರ ಹಣವನ್ನು ಅವರವರಿಗೇ ನೇರವಾಗಿ ಕೊಡಿಸಿದರು, ನಡುವೆ ತಮ್ಮ ಪಾಲು ಇಟ್ಟುಕೊಳ್ಳಲಿಲ್ಲ. ಸಿಗ್ನಲ್ ಇಲ್ಲದ ಕಾರಣ ಫೋನಿನಲ್ಲಿ ಹಣ ಕಳುಹಿಸಲಾಗದೆ, ಕಳಸ ಮುಟ್ಟಿದ ಮೇಲೆ ಕಳುಹಿಸಿ ಎಂದು ಹಾಗೆಯೇ ಬಿಟ್ಟುಕೊಟ್ಟರು. ಕಳಸದ ಬಸ್ ನಿಲ್ದಾಣದ ಹತ್ತಿರ ಕಾರು ನಿಲ್ಲಿಸಿ ನಾವು ಮಾಡಿದ ಮೊದಲ ಕೆಲಸ ಅದೇ.