ಒಟ್ಟಿಗೆ ಹಣ ಕೇಳುವ ಥೆರಪಿ ಕೇಂದ್ರಗಳ ಬಗ್ಗೆ ಕಾಸರಗೋಡಿನ ಹೆತ್ತವರಿಗೆ

ಸೆರೆಬ್ರಲ್ ಪಾಲ್ಸಿ (ಮಿದುಳಿಗಾದ ಹಾನಿಯಿಂದ ಚಲನೆಗೆ ಬರುವ ತೊಂದರೆ), ಆಟಿಸಂ ಅಥವಾ ಬೆಳವಣಿಗೆಯಲ್ಲಿ ವಿಳಂಬವಿರುವ ಎಳೆಯ ಮಕ್ಕಳನ್ನು ಕರೆದುಕೊಂಡು ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗುವ ಹೆತ್ತವರು, ಇಡೀ ವರ್ಷದ ಶುಲ್ಕವನ್ನು ಒಟ್ಟಿಗೆ ಕೇಳುವ ಥೆರಪಿ ಕೇಂದ್ರಗಳಿಗೆ ದಯವಿಟ್ಟು ಹಣ ಕಟ್ಟಬಾರದು.

ಮನೆಯಲ್ಲಿ ಕನ್ನಡವನ್ನೇ ಕೇಳಿ ಬೆಳೆಯುತ್ತಿರುವ ನಮ್ಮ ಮಗಳಿಗೆ ಮಾತಿನ ತರಬೇತಿಯೂ ಕನ್ನಡದಲ್ಲೇ ಸಿಗಲೆಂದು ಗಡಿಯಾಚೆಯ ಖಾಸಗಿ ಕೇಂದ್ರವೊಂದಕ್ಕೆ ಅವಳನ್ನು ಸೇರಿಸಿದ್ದೆವು. ವರ್ಷದೊಳಗೆ ಮಗುವನ್ನು ನಡೆಸಿ ತೋರಿಸುತ್ತೇವೆ ಎಂದು ಅಲ್ಲಿನ ಮುಖ್ಯಸ್ಥರು ಮಾತು ಕೊಟ್ಟಿದ್ದರು. ಹೆತ್ತವರು ಎದುರಿದ್ದರೆ ಮಗು ಹಟ ಮಾಡುತ್ತದೆ ಎಂದು ಹೇಳಿ ನಮ್ಮನ್ನು ಹೊರಗೆ ಕೂರಿಸುತ್ತಿದ್ದರು. ಬಿಗಿದ ಸ್ನಾಯುಗಳನ್ನು ಒಳಗೆ ಬಲವಂತವಾಗಿ ಎಳೆಯುತ್ತಿದ್ದರೆಂಬುದು, ಅವಳ ತೊಡೆಯ ಬಾವನ್ನು ಪರೀಕ್ಷಿಸಿದ ಮೂಳೆ ವೈದ್ಯರು ವಿಚಾರಿಸಿದಾಗಲೇ ಬೆಳಕಿಗೆ ಬಂತು. ಮಾತಿನ ತರಬೇತಿ ಕೊಡುತ್ತಿದ್ದವರಲ್ಲಿ ನೋಂದಣಿ ಸಂಖ್ಯೆ ಕೇಳಿದರೆ, ಕೆಲವು ವಾರಗಳ ಆನ್‌ಲೈನ್ ಕೋರ್ಸಿನ ಪ್ರಮಾಣಪತ್ರ ತೋರಿಸಿದರು. ಉಳಿದ ಹಣವನ್ನಾದರೂ ಮರಳಿಸಿರೆಂದಾಗ, ರಸೀದಿಯಲ್ಲಿರುವುದು ಶುಲ್ಕವಲ್ಲ, ದೇಣಿಗೆ, ಅದನ್ನು ಹಿಂದಿರುಗಿಸುವ ಕ್ರಮವಿಲ್ಲ ಎಂದರು. ಒಡವೆ ಅಡವಿಟ್ಟು ತಂದ ಹಣವದು. ಅದಕ್ಕಿಂತಲೂ, ಮಿದುಳು ಅತಿ ವೇಗವಾಗಿ ಬೆಳೆಯುವ ಆರಂಭದ ವರ್ಷಗಳಲ್ಲಿ ಮಗುವಿಗೆ ಸಲ್ಲಬೇಕಾಗಿದ್ದ ಕಾಲ ಕೈತಪ್ಪಿದ್ದು ದೊಡ್ಡ ನಷ್ಟ.

ಅದೇ ಕೇಂದ್ರದವರು ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಚಿಕಿತ್ಸೆಗೂ ಒತ್ತಾಯಿಸಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಸೆರೆಬ್ರಲ್ ಪಾಲ್ಸಿಗೆ ಅದನ್ನು ಅನುಮೋದಿತ ಪ್ರಯೋಗದ ಹೊರಗೆ ಚಿಕಿತ್ಸೆಯೆಂದು ಕೊಡುವಂತಿಲ್ಲ.

ಮಾತು ಮತ್ತು ಶ್ರವಣ ತಜ್ಞರು, ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟರು 1992ರ ಭಾರತೀಯ ಪುನರ್ವಸತಿ ಮಂಡಳಿ ಕಾಯ್ದೆಯಡಿ ನೋಂದಾಯಿತರಾಗಿರಬೇಕು. ಆ ಸಂಖ್ಯೆಯನ್ನು ಮಂಡಳಿಯ ಜಾಲತಾಣದಲ್ಲಿ ನೋಡಿಕೊಂಡ ಮೇಲೆಯೇ ಮಗುವನ್ನು ಒಪ್ಪಿಸಿರಿ. ಫಿಸಿಯೋಥೆರಪಿಯವರಲ್ಲಿ ಪದವಿ ಪ್ರಮಾಣಪತ್ರ ಕೇಳಿರಿ. ಹೆತ್ತವರನ್ನು ಒಳಗೆ ಬಿಡದ ಕೇಂದ್ರ ಬೇಡವೇ ಬೇಡ, ಏಕೆಂದರೆ ಅಲ್ಲಿ ಕಲಿಸಿದ್ದನ್ನು ದಿನವೂ ಮನೆಯಲ್ಲಿ ಮಾಡಿಸಬೇಕಾದವರು ನಾವೇ.

ಖಾಸಗಿಯವರತ್ತ ಹೋಗುವ ಮುನ್ನ ಅಂಗನವಾಡಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗನೆ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲೆಯ ಸರ್ಕಾರಿ ಕೇಂದ್ರವಾದ ಡಿಇಐಸಿಯನ್ನು ಸಂಪರ್ಕಿಸಿರಿ. ಅಲ್ಲಿ ತಪಾಸಣೆಯೂ ಥೆರಪಿಯೂ ಉಚಿತ. ಅಂಗವೈಕಲ್ಯ ಪ್ರಮಾಣಪತ್ರ ಸಿಕ್ಕಿದೊಡನೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆಗೆ ಅರ್ಜಿ ಹಾಕಿರಿ. ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗಿನ ಈ ವಿಮೆಯಲ್ಲಿ ಥೆರಪಿಯ ವೆಚ್ಚವೂ ಸೇರಿದೆ, ಆದರೆ ಅದಕ್ಕೆ ಸರಿಯಾದ ಬಿಲ್ಲು ಬೇಕು. ಮಲಯಾಳದಲ್ಲಿ ಬರೆದು ತನ್ನಿ ಎಂದು ಯಾವುದಾದರೂ ಕಚೇರಿ ಹಿಂದೆ ಕಳಿಸಿದರೆ ಸುಮ್ಮನಾಗಬೇಡಿರಿ. ಕಾಸರಗೋಡಿನ ಕನ್ನಡಿಗರು ಇಲ್ಲಿನ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿಯೇ ಇದೆ.