ಸಿದ್ಧರಬೆಟ್ಟದ ಹತ್ತಿರದ ಸೈಕೆಡೆಲಿಕ್ ಮತ್ತು ಗಿಡಮೂಲಿಕೆ ಶಿಬಿರ: ಹೋಗಿ, ಆದರೆ ಎರಡು ವಿಷಯ ಕೇಳಿಕೊಂಡು ಹೋಗಿ

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟದ ಹತ್ತಿರ ಒಂದು ತೋಟದ ಮನೆಯಲ್ಲಿ ಬೆಂಗಳೂರಿನ ಸಣ್ಣ ತಂಡವೊಂದು ಎರಡು ದಿನದ ಶಿಬಿರ ಮಾಡಿತ್ತು. ಮನಸ್ಸಿನ ನೋವಿಗೆ ಸೈಕೆಡೆಲಿಕ್ ಔಷಧಿ (ಕಾಣೋದು, ಅನಿಸೋದನ್ನೇ ಸ್ವಲ್ಪ ಹೊತ್ತು ಬದಲಾಯಿಸುವಂಥವು), ಗಿಡಮೂಲಿಕೆ ಎಷ್ಟರ ಮಟ್ಟಿಗೆ ಆಗಿಬರುತ್ತೆ ಅನ್ನೋದು ವಿಷಯ. ಕರೆದಿದ್ದು ದಲಿತರನ್ನು, ಪೌರಕಾರ್ಮಿಕರನ್ನು, ಲಿಂಗತ್ವ ಅಲ್ಪಸಂಖ್ಯಾತರನ್ನು. ನಾನು ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿದ್ದೆ. ತುಮಕೂರಿನಲ್ಲಿ ರಸ್ತೆ ಗುಡಿಸುವ ಕೆಲಸ ಅವರದ್ದು. ಮಗ ತೀರಿಕೊಂಡ ಮೇಲೆ ಅವರಿಗೆ ಸರಿಯಾಗಿ ನಿದ್ದೆ ಇಲ್ಲ, ಮಾತ್ರೆ ತಗೊಳ್ತಿದ್ದಾರೆ.

ಮೊದಲೇ ಹೇಳಿಬಿಡ್ತೀನಿ, ಅಲ್ಲಿ ಯಾರಿಗೂ ಅಮಲಿನ ಅಣಬೆ ಕೊಡಲಿಲ್ಲ, ಏನನ್ನೂ ಕುಡಿಸಲಿಲ್ಲ. ನನಗೆ ನಂಬಿಕೆ ಬಂದಿದ್ದೇ ಅದರಿಂದ. ಅಂಥ ಅಣಬೆಯಲ್ಲಿರೋ ಸೈಲೋಸಿಬಿನ್, ಎಲ್‌ಎಸ್‌ಡಿ, ಡಿಎಂಟಿ ಈ ಸೈಕೆಡೆಲಿಕ್ ವಸ್ತುಗಳೆಲ್ಲ ನಮ್ಮಲ್ಲಿ ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬರುತ್ತವೆ ಅಂತ ಶುರುವಿನಲ್ಲೇ ಹೇಳಿದರು. ಗುಟ್ಟಾಗಿ ಎಲ್ಲೋ ಕೊಡಿಸ್ತೀವಿ ಅಂತ ಯಾರಾದರೂ ಕರೆದರೆ ನಮ್ಮಂಥವರು ಹತ್ತು ಸಲ ಯೋಚನೆ ಮಾಡಬೇಕು. ದುಡ್ಡಿದ್ದವರು ಸಿಕ್ಕಿಬಿದ್ದರೆ ವಕೀಲರನ್ನು ಇಡ್ತಾರೆ. ಗುತ್ತಿಗೆ ಕೆಲಸದ ಹೆಂಗಸಿನ ಮೇಲೆ ಒಂದು ಕೇಸಾದರೆ ಆ ಮನೆ ಮತ್ತೆ ಏಳೋದು ಕಷ್ಟ.

ಬಾಗಿಲಲ್ಲೇ ಒಂದು ಫಾರಂ ಇತ್ತು. ಓದು ಬಾರದವರ ಪಕ್ಕದಲ್ಲಿ ಒಬ್ಬ ಹುಡುಗಿ ಕೂತು, ಬೇರೆಯವರಿಗೆ ಕೇಳಿಸದ ಹಾಗೆ ಒಂದೊಂದೇ ಕೇಳಿ ಬರೆದುಕೊಂಡಳು. ನಿಮ್ಮನ್ನು ಯಾವ ಹೆಸರಲ್ಲಿ ಕರೀಬೇಕು, ಯಾವ ಮಾತ್ರೆ ನುಂಗ್ತಿದ್ದೀರಿ, ಕಷ್ಟ ಆದರೆ ಯಾರಿಗೆ ಫೋನ್ ಮಾಡಬೇಕು. ಜಾತಿ ಕೇಳಲಿಲ್ಲ, ಆಧಾರ್ ಕೇಳಲಿಲ್ಲ. ಚಿಕ್ಕಮ್ಮ ಎಲೆಅಡಿಕೆ ಚೀಲದಿಂದ ಮಡಿಚಿ ಮಡಿಚಿ ಹರಿದುಹೋದ ಮಾತ್ರೆ ಚೀಟಿ ತೆಗೆದುಕೊಟ್ಟರು. ಆ ಹುಡುಗಿ ಅದನ್ನು ಬಿಡಿಸಿ ಓದಿ, ಇದನ್ನು ಊಟದ ಮುಂಚೆ ತಗೋತೀರಾ ಆಮೇಲಾ, ನಿದ್ದೆ ಯಾವಾಗಿಂದ ಕೆಟ್ಟಿತು ಅಮ್ಮಾ ಅಂತ ಕೇಳಿದಳು. ಆ ಚೀಟಿ ಬರೆದುಕೊಟ್ಟ ಕ್ಲಿನಿಕ್‌ನಲ್ಲಿ ಏಕವಚನದಲ್ಲಿ ಮಾತಾಡಿಸಿ ಕಳಿಸಿದ್ದರು, ಈ ಪ್ರಶ್ನೆ ಅಲ್ಲಿ ಯಾರೂ ಕೇಳಿರಲಿಲ್ಲ.

ಮೊದಲ ದಿನದ ಮಾತುಕತೆ ನಿಜಕ್ಕೂ ಚೆನ್ನಾಗಿತ್ತು. ಅಮೆಜಾನ್ ಕಡೆಯ ಅಯಾಹುವಾಸ್ಕಾ ಅನ್ನೋ ಕಷಾಯದಲ್ಲಿ ಒಂದು ಬಳ್ಳಿ, ಇನ್ನೊಂದು ಗಿಡದ ಎಲೆ ಎರಡೂ ಸೇರುತ್ತವಂತೆ. ಎಲೆಯಲ್ಲಿ ಡಿಎಂಟಿ ಇದ್ದರೂ ಸುಮ್ನೆ ಕುಡಿದರೆ ಹೊಟ್ಟೆಯಲ್ಲೇ ಕೆಟ್ಟುಹೋಗುತ್ತೆ, ಬಳ್ಳಿ ಅದನ್ನು ಕೆಡದ ಹಾಗೆ ತಡೆಯುತ್ತೆ. ಅದೇ ಬಳ್ಳಿ ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ಪ್ರಾಣಕ್ಕೇ ಅಪಾಯ. ಇದನ್ನು ಕೇಳಿ ಒಬ್ಬ ಅಜ್ಜಿ, ನಮ್ಮ ಬೇಲಿ ಪಕ್ಕದ ಉಮ್ಮತ್ತಿಕಾಯಿನೂ ಹಂಗೇ ಅಲ್ವಾ ಅಂದರು. ಅಲ್ಲವೇ ಅಲ್ಲ, ಉಮ್ಮತ್ತಿ ವಿಷ, ಬುದ್ಧಿ ಕಲಸಿ ಎದೆ ಬಡಿತ ಏರುಪೇರು ಮಾಡುತ್ತೆ, ಸಾಯಿಸಲೂಬಹುದು ಅಂತ ಬಿಡಿಸಿ ಹೇಳಿದರು. ಸರ್ಪಗಂಧದ ಬೇರಿನ ವಿಷಯವೂ ಬಂತು. ಅದರಿಂದ 1952ರಲ್ಲಿ ರಿಸರ್ಪಿನ್ ಅನ್ನೋ ಔಷಧಿ ಬೇರ್ಪಡಿಸಿ ಬಿಪಿಗೂ ಮನಸ್ಸಿನ ಕಾಯಿಲೆಗೂ ಕೊಟ್ಟರು, ಆದರೆ ಅದು ಬಿಪಿ ತೀರಾ ಇಳಿಸಬಹುದು, ಖಿನ್ನತೆ ಇರುವವರಿಗೆ ಒಳ್ಳೆಯದಲ್ಲ. ಬೆಟ್ಟದ ಬೇರು ಅಂದರೆ ಕಣ್ಣುಮುಚ್ಚಿ ತಿನ್ನೋ ನಮ್ಮ ಜನಕ್ಕೆ ಇದನ್ನು ಯಾರಾದರೂ ಹೇಳಲೇಬೇಕಿತ್ತು.

ಮಧ್ಯಾಹ್ನ ಮುದ್ದೆ, ಹುರುಳಿಕಾಳು ಸಾರು. ಅಡುಗೆ ಮಾಡಿದ್ದು ಅದೇ ಊರಿನ ದಲಿತ ಕೇರಿಯ ಹೆಂಗಸರು. ಶಿಬಿರ ನಡೆಸೋರೂ ಅದೇ ಪಂಕ್ತಿಯಲ್ಲಿ ಕೂತು ಉಂಡರು, ಎಲ್ಲರಿಗೂ ಒಂದೇ ಕೊಡದ ನೀರು. ಟೀ ಅಂಗಡಿಯಲ್ಲಿ ತಮ್ಮವರಿಗೆ ಬೇರೆ ಲೋಟ ಇಡೋದನ್ನು ನೋಡಿ ಬೆಳೆದವರು ಚಿಕ್ಕಮ್ಮ. ಊಟ ಆದಮೇಲೇ ಅವರು ಬಾಯಿಬಿಟ್ಟು ಮಗನ ವಿಷಯ ಮಾತಾಡಿದ್ದು.

ಸಂಜೆ ಮರಿಯಾ ಸಬೀನಾ ಕಥೆ ಹೇಳಿದರು. ಮೆಕ್ಸಿಕೋದ ಮಜಟೆಕ್ ಬುಡಕಟ್ಟಿನ ವೈದ್ಯೆ. 1955ರಲ್ಲಿ ಅಮೆರಿಕದ ಬ್ಯಾಂಕ್ ಅಧಿಕಾರಿಯೊಬ್ಬರು ಅವರ ಅಣಬೆ ಪೂಜೆಯಲ್ಲಿ ಕೂತು, 1957ರಲ್ಲಿ ಪತ್ರಿಕೆಯಲ್ಲಿ ಬರೆದರು. ಹೊರಗಿನವರು ಊರಿಗೆ ಮುಗಿಬಿದ್ದರು. ಊರವರ ಸಿಟ್ಟು ಅವರ ಮೇಲೆ ತಿರುಗಿತು, ಮನೆ ಸುಟ್ಟಿತು, ಬಡತನದಲ್ಲೇ 1985ರಲ್ಲಿ ತೀರಿಕೊಂಡರು. ಇನ್ನೊಂದು ಲೆಕ್ಕವನ್ನೂ ತೋರಿಸಿದರು. 1993ರಿಂದ 2017ರ ನಡುವಿನ 18 ಸೈಕೆಡೆಲಿಕ್ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಶೇಕಡ 82ರಷ್ಟು ಜನ ಬಿಳಿಯರು. ವಿದ್ಯೆ ಒಬ್ಬರದ್ದು, ಚಿಕಿತ್ಸೆ ಇನ್ನೊಬ್ಬರಿಗೆ. ನಮ್ಮಲ್ಲಿ ಮುಂದೆ ಯಾವತ್ತಾದರೂ ಇದು ಕಾನೂನುಬದ್ಧವಾಗಿ ಬಂದರೆ ಸಾಲಿನಲ್ಲಿ ಮೊದಲು ನಿಲ್ಲೋರು ಯಾರು ಅನ್ನೋ ಪ್ರಶ್ನೆಯನ್ನು ಈಗಲೇ ಕೇಳಬೇಕು.

ಈಗ ಕೊರತೆ. ಎರಡನೇ ದಿನ ಅರ್ಧಕ್ಕಿಂತ ಜಾಸ್ತಿ ಇಂಗ್ಲಿಷ್. ಅನುವಾದ ಮಾಡುತ್ತಿದ್ದ ಹುಡುಗಿಗೆ ಸುಸ್ತಾಗಿ ಮೂರು ಮಾತಿಗೆ ಒಂದು ಮಾತು ಹೇಳುತ್ತಿದ್ದಳು, ಹಿಂದೆ ಕೂತವರು ತೂಕಡಿಸುತ್ತಿದ್ದರು. ಫೀಸ್ ಇರಲಿಲ್ಲ ನಿಜ, ಆದರೆ ಎರಡು ದಿನ ಕೆಲಸ ಬಿಟ್ಟು ಬಂದವರ ಕೂಲಿ ಕಟ್ಟಿಕೊಡೋರು ಯಾರು? ಆಮೇಲೆ ವಿಚಾರಿಸೋಕೆ ಅಂತ ಒಂದು ವಾಟ್ಸಾಪ್ ಗುಂಪು ಮಾಡಿದ್ದಾರೆ, ಚಿಕ್ಕಮ್ಮನ ಹತ್ತಿರ ಇರೋದು ಬಟನ್ ಫೋನ್. ಹೊರಡುವಾಗ ಮನಸ್ಸಿನ ಕಷ್ಟಕ್ಕೆ ಫೋನಲ್ಲಿ ಸಲಹೆ ಕೊಡೋ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟರು, ಅದು ಉಪಯೋಗಕ್ಕೆ ಬಂತು. ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಹೊತ್ತಲ್ಲೂ ಕನ್ನಡದಲ್ಲಿ ಮಾತಾಡ್ತಾರೆ. ಜಾತಿ, ಲಿಂಗ ನೋಡಿ ಮಾನಸಿಕ ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತೆ, ಇದನ್ನೂ ಅವರೇ ತಿಳಿಸಿದ್ದು.

ಮುಂದಿನ ಶಿಬಿರ ಪಾವಗಡ ಕಡೆ ಮಾಡ್ತಾರಂತೆ. ಹೆಸರು ಕೊಡೋ ಮೊದಲು ಫೋನ್ ಮಾಡಿ, ಪೂರ್ತಿ ಕನ್ನಡದಲ್ಲಿ ನಡೆಸ್ತೀರಾ, ಕೂಲಿ ಕಟ್ಟಿಕೊಡ್ತೀರಾ ಅಂತ ಕೇಳಿ. ನಾನೂ ಕೇಳಿದ್ದೀನಿ. ಹೌದು ಅಂದರೆ ಚಿಕ್ಕಮ್ಮನ ಜೊತೆ ಕೆಲಸ ಮಾಡುವ ಇನ್ನಿಬ್ಬರು ಹೆಂಗಸರೂ ಬರೋಕೆ ತಯಾರಿದ್ದಾರೆ.