ಮುಚ್ಚಳದ ಮೇಲೆ ಮೆಟಾಮೆಟೀರಿಯಲ್, ಒಳಗೆ ಗ್ರೇಟಿಂಗ್: ಒಂದು ಪ್ರಯೋಗ ಪೆಟ್ಟಿಗೆಯ ವಿಮರ್ಶೆ

ರಾಯಚೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನಾನು ಕಳೆದ ಮಾರ್ಚ್ ತಿಂಗಳಲ್ಲಿ 1,850 ರೂಪಾಯಿ ಕೊಟ್ಟು ಬೆಳಕಿನ ಪ್ರಯೋಗಗಳ ಪೆಟ್ಟಿಗೆಯೊಂದನ್ನು ಕೊರಿಯರ್ ಮೂಲಕ ತರಿಸಿಕೊಂಡೆ. ಮುಚ್ಚಳದ ಮೇಲೆ ‘ನ್ಯಾನೋಫೋಟಾನಿಕ್ಸ್ ಮತ್ತು ಮೆಟಾಮೆಟೀರಿಯಲ್ ಕಿಟ್’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿದ್ದುದೇ ಅದನ್ನು ಕೊಳ್ಳಲು ಕಾರಣ. ನ್ಯಾನೋಮೀಟರ್ ಅಳತೆಯ ರಚನೆಗಳಿಂದ ಬೆಳಕನ್ನು ಪಳಗಿಸುವ ವಿದ್ಯೆ ನ್ಯಾನೋಫೋಟಾನಿಕ್ಸ್; ಸಣ್ಣ ಸಣ್ಣ ಘಟಕಗಳ ಜೋಡಣೆಯಿಂದಲೇ ವಿಶೇಷ ಗುಣ ಪಡೆಯುವ ಕೃತಕ ವಸ್ತು ಮೆಟಾಮೆಟೀರಿಯಲ್. ದ್ವಿತೀಯ ಪಿಯುಸಿಯ ಇಬ್ಬರು ಮಕ್ಕಳು ಈ ವಿಷಯದಲ್ಲಿ ಸಂಶೋಧನೆ ಮಾಡಬೇಕಾದರೆ ಏನು ಓದಬೇಕೆಂದು ನನ್ನನ್ನು ಬಿಡದೆ ಕೇಳುತ್ತಿದ್ದರು. ಪೆಟ್ಟಿಗೆಯಲ್ಲಿ ಕೆಂಪು ಲೇಸರ್ ಪಾಯಿಂಟರ್, ರಟ್ಟಿನ ಚೌಕಟ್ಟಿಗೆ ಅಂಟಿಸಿದ ಗ್ರೇಟಿಂಗ್ (ಒತ್ತೊತ್ತಾಗಿ ಸೂಕ್ಷ್ಮ ಗೆರೆಗಳನ್ನು ಎಳೆದ ಪಾರದರ್ಶಕ ಹಾಳೆ), ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಮೂರು ಪೋಲರಾಯ್ಡ್ ಹಾಳೆಗಳು, ಎರಡು ಪ್ಲಾಸ್ಟಿಕ್ ಮಸೂರಗಳು, ಒಂದು ಪಟ್ಟಕ, ಅವನ್ನೆಲ್ಲ ನಿಲ್ಲಿಸಲು ಸ್ಟ್ಯಾಂಡುಗಳು ಮತ್ತು 16 ಪುಟಗಳ ಕೈಪಿಡಿ ಇದ್ದವು. ತಯಾರಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ಮೊದಲು ಗ್ರೇಟಿಂಗಿನ ವಿಚಾರ. ಚೌಕಟ್ಟಿನ ಮೇಲೆ ‘ಮಿಲಿಮೀಟರಿಗೆ 600 ಗೆರೆ’ ಎಂದು ಬರೆದಿತ್ತು. ಮನೆಯ ಪಡಸಾಲೆಯ ಕಿಟಕಿಗಳನ್ನು ಮುಚ್ಚಿ, ಗೋಡೆಯಿಂದ ಸರಿಯಾಗಿ 1 ಮೀಟರ್ ದೂರದಲ್ಲಿ ಸ್ಟೂಲಿನ ಮೇಲೆ ಚೌಕಟ್ಟನ್ನು ನಿಲ್ಲಿಸಿ ಲೇಸರ್ ಹಾಯಿಸಿದೆ. ಲೇಸರಿನ ತರಂಗಾಂತರ 650 ನ್ಯಾನೋಮೀಟರ್ ಎಂದು ನಮೂದಾಗಿರುವುದರಿಂದ ನಡುವಿನ ಚುಕ್ಕೆಗೂ ಅದರ ಪಕ್ಕದ ಚುಕ್ಕೆಗೂ 42 ಸೆಂಟಿಮೀಟರಿನಷ್ಟು ಅಂತರವಿರಬೇಕಾಗಿತ್ತು; ಟೇಪು ಹಿಡಿದರೆ 34 ಮಾತ್ರ ಬಂತು. ತಪ್ಪು ಲೇಸರಿನದೋ ಗ್ರೇಟಿಂಗಿನದೋ ಎಂದು ತಿಳಿಯಲು ಹಾಳಾದ ಸಿಡಿಯೊಂದರ ಬೆಳ್ಳಿ ಪದರವನ್ನು ಅಂಟುಪಟ್ಟಿಯಿಂದ ಕಿತ್ತು, ಆ ಪಾರದರ್ಶಕ ಬಿಲ್ಲೆಯನ್ನೇ ಅದೇ ಸ್ಟೂಲಿನ ಮೇಲೆ ಇಟ್ಟೆ. ಸಿಡಿಯ ಸಾಲುಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಆ ಲೆಕ್ಕದಲ್ಲಿ ಚುಕ್ಕೆ 44ಕ್ಕೂ 45ಕ್ಕೂ ನಡುವೆ ಬೀಳಬೇಕು, ಅಲ್ಲಿಯೇ ಬಿತ್ತು. ಅಂದರೆ ಲೇಸರ್ ಪ್ರಾಮಾಣಿಕವಾಗಿದೆ, ಗ್ರೇಟಿಂಗಿನಲ್ಲಿರುವುದು 500 ಗೆರೆ. ದೂರು ಬರೆದ ಮೂರು ವಾರಗಳ ನಂತರ ಬದಲಿ ಚೌಕಟ್ಟು ಬಂತು. ಅದರ ಮೇಲೂ 600 ಎಂದಿತ್ತು, ಅದೂ 34 ಸೆಂಟಿಮೀಟರನ್ನೇ ತೋರಿಸಿತು. ಮತ್ತೆ ಬರೆಯುವ ಗೋಜಿಗೆ ನಾನು ಹೋಗಲಿಲ್ಲ. ವಿದ್ಯಾರ್ಥಿನಿಯೊಬ್ಬಳು ಎರಡೂ ಚೌಕಟ್ಟುಗಳ ಮೇಲಿನ ಅಂಕಿಯನ್ನು ಹೊಡೆದುಹಾಕಿ ಕೆಂಪು ಶಾಯಿಯಲ್ಲಿ 500 ಎಂದು ತಿದ್ದಿದಳು.

ಗೆರೆಗಳ ಎಣಿಕೆ ತಪ್ಪಿದ್ದನ್ನು ಕ್ಷಮಿಸಬಹುದು, ಆದರೆ ಕೈಪಿಡಿಯು ಈ ಗ್ರೇಟಿಂಗನ್ನೇ ‘ನಿಮ್ಮ ಮೊದಲ ಮೆಟಾಮೆಟೀರಿಯಲ್’ ಎಂದು ಕರೆದಿರುವುದನ್ನು ಕ್ಷಮಿಸಲಾಗದು. ಮಿಲಿಮೀಟರಿಗೆ 500 ಗೆರೆ ಎಂದರೆ ಗೆರೆಯಿಂದ ಗೆರೆಗೆ 2 ಮೈಕ್ರೋಮೀಟರ್, ಅಂದರೆ ಕೆಂಪು ಬೆಳಕಿನ ತರಂಗಾಂತರದ ಮೂರು ಪಟ್ಟು. ಇಷ್ಟು ಅಗಲದ ಅಂತರವನ್ನು ಬೆಳಕು ಗುರುತಿಸುತ್ತದೆ, ಆದ್ದರಿಂದಲೇ ಬೇರೆಬೇರೆ ದಿಕ್ಕುಗಳಿಗೆ ಒಡೆದು ಹೋಗುತ್ತದೆ. ಇದು ನಾವು ತರಗತಿಯಲ್ಲಿ ಕಲಿಸುವ ವಿವರ್ತನೆ, ಅದಕ್ಕಿಂತ ಹೆಚ್ಚೇನೂ ಅಲ್ಲ. ಮೆಟಾಮೆಟೀರಿಯಲ್ಲಿನ ಘಟಕಗಳು ತರಂಗಾಂತರಕ್ಕಿಂತ ಸಾಕಷ್ಟು ಚಿಕ್ಕವಾಗಿರಬೇಕು, ತರಂಗಕ್ಕೆ ಅವು ಬಿಡಿಬಿಡಿಯಾಗಿ ಕಾಣದೆ ಒಂದೇ ಪದಾರ್ಥದಂತೆ ಭಾಸವಾಗಬೇಕು. ನಮ್ಮ ಊರಿನ ಅಕ್ಕಿ ಗಿರಣಿಯಲ್ಲಿ ಗೋಣಿಚೀಲದ ನೇಯ್ಗೆ ಹತ್ತಿರ ನಿಂತವನಿಗೆ ಎಳೆಎಳೆಯಾಗಿ ಕಂಡರೆ, ಅಂಗಳದ ಆಚೆ ಬದಿಯಲ್ಲಿ ನಿಂತವನಿಗೆ ಬರೀ ಕಂದು ಬಣ್ಣದ ಬಟ್ಟೆಯಾಗಿ ಕಾಣುವುದಿಲ್ಲವೇ, ಹಾಗೆ.

ವಿಚಿತ್ರವೆಂದರೆ, ಮುಚ್ಚಳದ ಮಾತಿಗೆ ಹತ್ತಿರವಾದ ವಸ್ತು ಪೆಟ್ಟಿಗೆಯಲ್ಲಿ ನಿಜವಾಗಿಯೂ ಇದೆ, ತಯಾರಕರಿಗೆ ಮಾತ್ರ ಅದು ಗೊತ್ತಿದ್ದಂತಿಲ್ಲ. ಪೋಲರಾಯ್ಡ್ ಹಾಳೆಯನ್ನು ಮಾಡುವಾಗ ಪಾಲಿವಿನೈಲ್ ಆಲ್ಕೋಹಾಲ್ ಪದರವನ್ನು ಒಂದೇ ದಿಕ್ಕಿಗೆ ಎಳೆದು ಅದಕ್ಕೆ ಅಯೋಡಿನ್ ಹಿಡಿಸುತ್ತಾರೆ; ಒಂದೇ ದಿಕ್ಕಿಗೆ ಮಲಗಿದ ಆ ಉದ್ದುದ್ದ ಸರಪಳಿಗಳು ಬೆಳಕಿನ ಪಾಲಿಗೆ ಸಾಲಾಗಿ ಬಿಗಿದ ತಂತಿಗಳಿದ್ದಂತೆ. ಸರಪಳಿಯ ಉದ್ದಕ್ಕೆ ಕಂಪಿಸುವ ಬೆಳಕಿನ ವಿದ್ಯುತ್ ಕ್ಷೇತ್ರವು ಎಲೆಕ್ಟ್ರಾನುಗಳನ್ನು ಓಡಾಡಿಸಿ ಅಲ್ಲಿಯೇ ಹೀರಿಕೆಯಾಗುತ್ತದೆ, ಅಡ್ಡಕ್ಕೆ ಕಂಪಿಸುವುದು ಹಾದುಹೋಗುತ್ತದೆ. 1888ರಲ್ಲಿ ಜರ್ಮನ್ ಭೌತವಿಜ್ಞಾನಿ ಹರ್ಟ್ಸ್ ರೇಡಿಯೋ ತರಂಗಗಳನ್ನು ತಂತಿಗಳ ಜಾಲರಿಯ ಮೂಲಕ ಹಾಯಿಸಿ ನೋಡಿದ್ದೂ ಇದೇ ತತ್ತ್ವ. ರಾಸಾಯನಿಕ ಗುಣಕ್ಕಿಂತ ಜೋಡಣೆಯೇ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಮೆಟಾಮೆಟೀರಿಯಲ್ಲಿನ ತಿರುಳೂ ಅದೇ. ಎರಡು ಹಾಳೆಗಳನ್ನು ಅಡ್ಡಡ್ಡವಾಗಿ ಹಿಡಿದಾಗ ಕತ್ತಲಾಗುವುದನ್ನು ಮಕ್ಕಳು ಸುಮ್ಮನೆ ನೋಡಿದರು. ಮೂರನೆಯದನ್ನು 45 ಡಿಗ್ರಿ ಓರೆಯಾಗಿ ನಡುವೆ ತೂರಿಸಿದಾಗ ಕತ್ತಲೊಳಗಿಂದ ಬೆಳಕು ಹೊರಬಂದದ್ದಕ್ಕೆ ಹಿಂದಿನ ಬೆಂಚಿನಿಂದ “ಸರ್, ಇನ್ನೊಮ್ಮೆ” ಎಂಬ ಕೂಗು ಬಂತು. ಲೆಕ್ಕದ ಪ್ರಕಾರ ಹೆಚ್ಚೆಂದರೆ ಎಂಟನೇ ಒಂದು ಭಾಗ ಬರಬೇಕು, ಹಾಳೆಗಳು ಒಳ್ಳೆಯವಾದ್ದರಿಂದ ಕಣ್ಣಿಗೆ ಎದ್ದು ಕಾಣುವಷ್ಟು ಬಂತು. ಪೆಟ್ಟಿಗೆಯ ಬೆಲೆಯ ಅರ್ಧದಷ್ಟನ್ನು ಈ ಮೂರು ಹಾಳೆಗಳೇ ತೀರಿಸಿವೆ ಎಂಬುದು ನನ್ನ ಅಭಿಪ್ರಾಯ.

ಕೈಪಿಡಿಯ ಬಗ್ಗೆ ನನ್ನ ತಕರಾರು ಇನ್ನೂ ದೊಡ್ಡದು. ಅದರ ಮೂರು ಪುಟಗಳು ಮೆಟಾಮೆಟೀರಿಯಲ್ಲಿನಿಂದ ಮಾಡುವ ಅದೃಶ್ಯ ಹೊದಿಕೆಗೆ ಮೀಸಲಾಗಿದ್ದು, ಹೊದಿಕೆ ಹೊದ್ದ ಮನುಷ್ಯನೊಬ್ಬ ಮಾಯವಾಗುವ ಚಿತ್ರವೂ ಇದೆ. 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮರೆಮಾಡಿದ್ದು ತಾಮ್ರದ ಒಂದು ಸಣ್ಣ ಸಿಲಿಂಡರನ್ನು, ಅದೂ ಕಣ್ಣಿನಿಂದಲ್ಲ, ಮೈಕ್ರೋವೇವ್ ತರಂಗಗಳಿಂದ, ಅದೂ ಪೂರ್ತಿಯಾಗಿ ಅಲ್ಲ. ಅದರ ಹಿಂದಿದ್ದ ಸಿದ್ಧಾಂತಿ ಜಾನ್ ಪೆಂಡ್ರಿಯವರ ವೃತ್ತಿಜೀವನವನ್ನು ಹೇಳಿದ್ದರೆ ಆ ಮೂರು ಪುಟಗಳು ಸಾರ್ಥಕವಾಗುತ್ತಿದ್ದವು. 1943ರಲ್ಲಿ ಹುಟ್ಟಿದ ಅವರು ಆರಂಭಿಸಿದ್ದು ಲೋಹಗಳ ಮೇಲ್ಮೈಯಿಂದ ಎಲೆಕ್ಟ್ರಾನುಗಳು ಹೇಗೆ ವಿವರ್ತನೆಗೊಳ್ಳುತ್ತವೆ ಎಂಬ ಪ್ರಶ್ನೆಯಿಂದ, ಅಂದರೆ ಪರಮಾಣುಗಳ ಸಾಲನ್ನೇ ಗ್ರೇಟಿಂಗ್ ಮಾಡಿಕೊಂಡ ಪ್ರಶ್ನೆಯಿಂದ. ಮುಂದೆ ಮಾರ್ಕೋನಿ ಕಂಪನಿಯವರು ರಾಡಾರನ್ನು ಹೀರುವ ಇಂಗಾಲದ ನಾರಿನ ವಸ್ತುವೊಂದನ್ನು ತೋರಿಸಿ ಅದು ಹೇಗೆ ಕೆಲಸ ಮಾಡುತ್ತದೆಂದು ಕೇಳಿದಾಗ, ಗುಣವು ಇಂಗಾಲದಲ್ಲಿಲ್ಲ, ನಾರುಗಳ ತೆಳುವಾದ ಆಕಾರದಲ್ಲಿದೆ ಎಂಬುದು ಅವರಿಗೆ ಹೊಳೆಯಿತು. 1996ರಲ್ಲಿ ತೆಳು ತಂತಿಗಳ ಜಾಲ, 1999ರಲ್ಲಿ ಲೋಹದ ಸೀಳಿದ ಉಂಗುರಗಳು ಅವರಿಂದ ಬಂದವು. ಅವೆರಡನ್ನೂ ಸೇರಿಸಿ ಸ್ಯಾನ್ ಡಿಯಾಗೋದ ಡೇವಿಡ್ ಸ್ಮಿತ್ ಮತ್ತು ಸಂಗಡಿಗರು 2001ರ ಹೊತ್ತಿಗೆ ಮೈಕ್ರೋವೇವನ್ನು ‘ತಪ್ಪು’ ದಿಕ್ಕಿಗೆ ಬಾಗಿಸಿ ತೋರಿಸಿದರು. ಸೋವಿಯತ್ ಭೌತವಿಜ್ಞಾನಿ ವೆಸೆಲಾಗೊ 1967ರಲ್ಲಿಯೇ ಕಾಗದದ ಮೇಲೆ ಮುಂಗಂಡಿದ್ದ ಋಣ ವಕ್ರೀಭವನ ಅದು. ವಿವರ್ತನೆಯಿಂದ ಹೊರಟು, ತಂತಿಗಳ ಮೂಲಕ ಮೆಟಾಮೆಟೀರಿಯಲ್ಲಿಗೆ ಬಂದ ಈ ದಾರಿ, ಗ್ರೇಟಿಂಗ್ ಮುಗಿಸಿ ಪೋಲರಾಯ್ಡ್ ಹಿಡಿಯುವ ನಮ್ಮ ಮಕ್ಕಳ ದಾರಿಗೆ ಎಷ್ಟು ಸೊಗಸಾಗಿ ಹೊಂದುತ್ತದೆ ಎಂಬುದು ಕೈಪಿಡಿ ಬರೆದವರಿಗೆ ಕಾಣಲೇ ಇಲ್ಲ.

ಅವರು ಬಿಟ್ಟ ಇನ್ನೊಂದು ಹೆಸರು ಜಗದೀಶ್ ಚಂದ್ರ ಬೋಸ್. 1898ರಲ್ಲಿ ಅವರು ಸೆಣಬಿನ ನಾರನ್ನು ಹುರಿಮಾಡಿ, ಅದರ ಮೂಲಕ ಕಿರು ರೇಡಿಯೋ ತರಂಗಗಳನ್ನು ಹಾಯಿಸಿ, ಬಲಕ್ಕೆ ಹೊಸೆದ ಹುರಿ ಒಂದು ಕಡೆಗೂ ಎಡಕ್ಕೆ ಹೊಸೆದದ್ದು ಇನ್ನೊಂದು ಕಡೆಗೂ ಧ್ರುವೀಕರಣದ ತಲವನ್ನು, ಅಂದರೆ ತರಂಗ ಕಂಪಿಸುವ ದಿಕ್ಕನ್ನು, ತಿರುಗಿಸುವುದನ್ನು ತೋರಿಸಿದರು. ಸಕ್ಕರೆ ದ್ರಾವಣ ಬೆಳಕಿಗೆ ಮಾಡುವುದನ್ನೇ ಕೈಯಲ್ಲಿ ಹಿಡಿಯಬಹುದಾದ ‘ಅಣು’ಗಳಿಂದ ಮಾಡಿಸಬಹುದು ಎಂಬುದು ಅವರ ಯೋಚನೆಯಾಗಿತ್ತು. ಗೋಣಿಚೀಲಕ್ಕೆ ನಮ್ಮಲ್ಲಿ ಬರವಿಲ್ಲ, ಅಂಥ ತರಂಗಗಳ ಮೂಲ ಮಾತ್ರ ನಮ್ಮ ಪ್ರಯೋಗಾಲಯದಲ್ಲಿಲ್ಲ. ಆದ್ದರಿಂದ 10 ಸೆಂಟಿಮೀಟರ್ ಅಗಲದ ಗಾಜಿನ ಪಾತ್ರೆಗೆ ಗಟ್ಟಿ ಸಕ್ಕರೆ ಪಾಕ ಸುರಿದು ಅಡ್ಡಡ್ಡವಾಗಿ ನಿಲ್ಲಿಸಿದ ಎರಡು ಪೋಲರಾಯ್ಡುಗಳ ನಡುವೆ ಇಟ್ಟು ಲೇಸರ್ ಹಾಯಿಸಿದೆವು. ಕತ್ತಲಾಗಿದ್ದ ಗೋಡೆಯ ಮೇಲೆ ಕೆಂಪು ಚುಕ್ಕೆ ಮರಳಿ ಬಂತು, ಎರಡನೆಯ ಹಾಳೆಯನ್ನು ಮತ್ತಷ್ಟು ತಿರುಗಿಸಿದ ಮೇಲೆಯೇ ಅದು ಆರಿತು. ಪಾಕವನ್ನು ನೀರು ಬೆರೆಸಿ ತೆಳುಮಾಡಿದಷ್ಟೂ ತಿರುಗಿಸಬೇಕಾದ ಕೋನ ಕಡಿಮೆಯಾಗುತ್ತ ಹೋಯಿತು. ಈ ಪ್ರಯೋಗ ಕೈಪಿಡಿಯಲ್ಲಿ ಇಲ್ಲ. ಇರುವೆಗಳನ್ನು ಓಡಿಸುವುದಕ್ಕೆ ಮಾತ್ರ ಎರಡು ದಿನ ಹಿಡಿಯಿತು.

ಉಳಿದ ಸಾಮಾನುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಪಟ್ಟಕ ಚೆನ್ನಾಗಿದೆ, ಮಸೂರಗಳ ಮೇಲೆ ಬರುವಾಗಲೇ ಗೀರುಗಳಿದ್ದವು. ಸ್ಟ್ಯಾಂಡುಗಳ ಪ್ಲಾಸ್ಟಿಕ್ ರಾಯಚೂರಿನ ಏಪ್ರಿಲ್ ತಿಂಗಳನ್ನು ಕಂಡದ್ದಲ್ಲ. ತಗಡಿನ ಮಾಡಿನ ಪ್ರಯೋಗಾಲಯದಲ್ಲಿ ಒಂದು ವಾರಕ್ಕೇ ಬಾಗಿದವು, ಈಗ ಜೇಡಿಮಣ್ಣಿನ ಉಂಡೆಗಳಲ್ಲಿ ಚುಚ್ಚಿ ನಿಲ್ಲಿಸುತ್ತಿದ್ದೇವೆ. ಲೇಸರಿನ ಮೇಲೆ ಅದರ ಶಕ್ತಿ ಎಷ್ಟು ಮಿಲಿವ್ಯಾಟ್ ಎಂಬುದನ್ನಾಗಲಿ ಅದು ಯಾವ ಸುರಕ್ಷತಾ ವರ್ಗದ್ದು ಎಂಬುದನ್ನಾಗಲಿ ನಮೂದಿಸಿಲ್ಲ. ಮಕ್ಕಳ ಕೈಗೆ ಕೊಡುವ ಲೇಸರ್ 1 ಮಿಲಿವ್ಯಾಟ್ ಮೀರಬಾರದು, ಆದ್ದರಿಂದ ಅದನ್ನು ನಾನೇ ಹಿಡಿಯುತ್ತೇನೆ.

ಒಟ್ಟು ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ, ಅದರಲ್ಲಿ ಎರಡು ಪೋಲರಾಯ್ಡಿನವು. ಕಾಲೇಜಿನ ದುಡ್ಡಿನಲ್ಲಿ ಕೊಳ್ಳುವವರು ಮೊದಲು ಬಿಡಿ ಪೋಲರಾಯ್ಡ್ ಹಾಳೆ ಮತ್ತು ಗ್ರೇಟಿಂಗ್ ಫಿಲ್ಮಿನ ಬೆಲೆ ವಿಚಾರಿಸಲಿ, ವರ್ಗ ನಮೂದಾಗಿರುವ ಲೇಸರನ್ನು ಬೇರೆಯಾಗಿಯೇ ತರಿಸಲಿ. ಪೆಟ್ಟಿಗೆಯನ್ನೇ ಕೊಂಡಿದ್ದಾಗಿದ್ದರೆ ಕೈಪಿಡಿಯನ್ನು ಮಕ್ಕಳಿಗೆ ಕೊಡುವ ಮೊದಲು ಅದೃಶ್ಯ ಹೊದಿಕೆಯ ಆ 9ರಿಂದ 11ರವರೆಗಿನ ಪುಟಗಳನ್ನು ಪಿನ್ನು ಹೊಡೆದು ಮುಚ್ಚಿಬಿಡುವುದು ಒಳ್ಳೆಯದು.